ಹದಿನೇಳನೇ ನಂಬರ್ ಬಸ್ಸಿನ ಹುಡುಗಿ

ನಮ್ಮೂರಿಗೆ ಟೀವಿಯ ಚಿತ್ರ ಬರುತ್ತದೆ, ದನಿ ಬರುವುದಿಲ್ಲ. ಕಲ್ಲುಸೇತುವೆಯ ಆಚೆಗೆ ಕೇಳಿಸುತ್ತದಂತೆ, ಈಚೆಗೆ ಇಲ್ಲ. ಮದುವೆಯಾಗಿ ಹೊಸದಾಗಿ ಬಂದ ಹೆಣ್ಣುಮಕ್ಕಳು ಮೊದಲ ವಾರ ರಿಮೋಟನ್ನು ಒತ್ತಿ ಒತ್ತಿ ಬೆರಳು ನೋಯಿಸಿಕೊಳ್ಳುತ್ತಾರೆ. ಎರಡನೇ ವಾರಕ್ಕೆ ಅವರೂ ಸಂಜೆ ಆರೂಕಾಲಿಗೆ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹತ್ತಿ ಗೋದಾಮಿನ ದಾರಿ ಹಿಡಿಯುತ್ತಾರೆ. ಗೋದಾಮಿನಲ್ಲಿ ಹತ್ತಿ ಇಲ್ಲದೆ ಎಷ್ಟೋ ಕಾಲವಾಯಿತು. ಈಗ ಅಲ್ಲಿ ಗೋಡೆಯಗಲದ ಒಂದು ಟೀವಿಯಿದೆ, ಅದರ ಪಕ್ಕದಲ್ಲಿ ಉದ್ದದ ಬೆಂಚಿದೆ. ಆ ಬೆಂಚಿನ ಮೇಲೆ ಕೂರುವವರೇ ದನಿಗಾರರು. ಪರದೆಯ ಮೇಲೆ ಯಾರ ತುಟಿ ಅಲ್ಲಾಡುತ್ತದೋ ಅವರಿಗೆ ನಾವು ಮಾತು ಕೊಡುತ್ತೇವೆ. ಬರೆದುಕೊಟ್ಟ ಮಾತಲ್ಲ. ಮುಖ ನೋಡಿ, ಕೈ ನೋಡಿ, ಬಾಗಿಲು ಹಾಕಿದ ರಭಸ ನೋಡಿ, ಅದಕ್ಕೆ ಹೊಂದುವಂಥ ಮಾತು.

ವಾರ್ತೆಗೆ ದನಿ ಕೊಡುವವರು ರುದ್ರಾರಾಧ್ಯರು, ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಗೋದಾಮಿನ ಬೀಗದ ಕೈ ಅವರ ಹತ್ತಿರವೇ ಇರುವುದರಿಂದ ನಮಗೆಲ್ಲ ಯಜಮಾನರೂ ಅವರೇ. ಪರದೆಯ ಕೆಳಗೆ ಓಡುವ ಅಕ್ಷರಗಳನ್ನು ಒಂದೂ ತಪ್ಪಿಲ್ಲದೆ ಓದುತ್ತಾರೆ, ಆದರೆ ಪ್ರತಿ ಸುದ್ದಿಯ ಕೊನೆಗೆ "ಏನೂ ಗಾಬರಿಯಿಲ್ಲ, ಸರಿಹೋಗುತ್ತೆ" ಅಂತ ತಮ್ಮದೊಂದು ಸಾಲು ಸೇರಿಸುತ್ತಾರೆ. ಹೊರಗಿನವರು ಕೇಳಿ ನಗುತ್ತಾರೆ. ನಗಲಿ. ಬಿ.ಪಿ. ಮಾತ್ರೆ ನಮ್ಮೂರಲ್ಲಿ ಖರ್ಚಾಗುವುದು ಕಡಿಮೆ.

ನಾನು ತಿಮ್ಮಾಜಮ್ಮ. ಪೇಟೆ ಬೀದಿಯ ಹಿಟ್ಟಿನ ಗಿರಣಿ ನನ್ನದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ, ಹದಿನಾರಕ್ಕೆ ಗಿರಣಿಯ ಬೆಲ್ಟು ಕೈಗೆ ಬಂತು, ಈಗ ಐವತ್ತನಾಲ್ಕು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ಕಂಚಾಗಿದೆ. ಆ ಗಂಟಲನ್ನು ನೋಡಿಯೇ ಊರಿನವರು ನನ್ನನ್ನು ಬೆಂಚಿಗೆ ಕರೆದದ್ದು. ಇಪ್ಪತ್ತೆರಡು ವರ್ಷ ನಾನು ಧಾರಾವಾಹಿಗಳ ಅತ್ತೆಯಂದಿರಿಗೆ ದನಿ ಕೊಟ್ಟೆ. ಎಷ್ಟು ಸೊಸೆಯರನ್ನು ಹೊಸಿಲು ದಾಟಿಸಿದ್ದೇನೆ, ಎಷ್ಟು ಲೋಟ ಹಾಲಿಗೆ ವಿಷ ಬೆರೆಸಿದ್ದೇನೆ, ನನಗೇ ನೆನಪಿಲ್ಲ. ರಾಗಿ ಬೀಸಿಸಲು ಬಂದ ಹೆಂಗಸರು ಡಬ್ಬ ಕೆಳಗಿಡುವ ಮೊದಲೇ "ಥೂ ನಿನ್ನ, ಆ ಹುಡುಗೀನ ಹಂಗೆ ಗೋಳಾಡಿಸ್ತೀಯಲ್ಲ" ಅಂತ ಬೈದು, ಆಮೇಲೆ "ನುಣ್ಣಗೆ ಬೀಸಿಕೊಡು ತಿಮ್ಮಾಜಕ್ಕ" ಅನ್ನುತ್ತಿದ್ದರು. ನನಗೂ ಅದೇ ಹೆಮ್ಮೆ. ಬೈಸಿಕೊಳ್ಳದ ಅತ್ತೆ ಎಂಥ ಅತ್ತೆ?

ದನಿ ಹಿಡಿಯುವುದಕ್ಕೆ ನಮ್ಮಲ್ಲೊಂದು ಕಟ್ಟಳೆಯಿದೆ. ಹೊಸ ಧಾರಾವಾಹಿ ಶುರುವಾದ ದಿನ, ಪರದೆಯ ಮೇಲೆ ಒಬ್ಬರು ಮೊದಲ ಸಲ ಬಾಯಿ ತೆರೆದಾಗ ಗೋದಾಮಿನಲ್ಲಿ ಯಾರ ಬಾಯಿಂದ ಮೊದಲು ದನಿ ಹೊರಡುತ್ತದೋ ಆ ಪಾತ್ರ ಅವರದು. ಧಾರಾವಾಹಿ ಮುಗಿಯುವ ತನಕ ಅವರದೇ. ಗಂಡು ಹೆಣ್ಣು, ಹಿರಿಯ ಕಿರಿಯ ಅನ್ನುವುದಿಲ್ಲ. ಇದರಿಂದ ಜಗಳ ಬಂದದ್ದು ಕಡಿಮೆ, ಯಾಕೆಂದರೆ ಯಾವುದು ಯಾರಿಗೆ ಅಂತ ಊರಿಗೆಲ್ಲ ಮುಂಚೆಯೇ ಗೊತ್ತಿರುತ್ತದೆ. ಉಳಿದವರು ಆ ಹೊತ್ತಿಗೆ ಹಲ್ಲು ಕಚ್ಚಿ ಕೂರುತ್ತಾರೆ. ಕೆಮ್ಮು ಇದ್ದವರು ಮೊದಲ ದಿನ ಬರುವುದೇ ಇಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಟೀವಿಯಲ್ಲಿ ಹೊಸ ಧಾರಾವಾಹಿಯೊಂದರ ಜಾಹೀರಾತು ತೋರಿಸತೊಡಗಿದರು. "ಹದಿನೇಳನೇ ನಂಬರ್ ಬಸ್ಸು" ಅಂತ ಹೆಸರು. ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರ ಕತೆ. ನನ್ನ ತಮ್ಮನ ಮಗಳು ಮೇದಿನಿಗೆ ಆಗ ಹದಿನಾರು, ಪಿಯುಸಿ ಮೊದಲ ವರ್ಷ. ಅವಳು ಆ ಜಾಹೀರಾತು ಕಂಡ ದಿನದಿಂದ ಮನೆಯ ಕನ್ನಡಿಯ ಮುಂದಿನಿಂದ ಏಳಲಿಲ್ಲ. ಆ ಹುಡುಗಿ ತುಟಿ ಓರೆ ಮಾಡುವ ಹಾಗೆ ತಾನೂ ಮಾಡಿ, ಅದಕ್ಕೆ ಎಂಥ ಮಾತು ಹೊಂದುತ್ತದೆ ಅಂತ ಎರಡು ತಿಂಗಳು ಅಭ್ಯಾಸ. ಕಾಲೇಜಿನಿಂದ ಬರುತ್ತ ಗಿರಣಿಗೆ ನುಗ್ಗಿ, "ಅತ್ತೆ, ಆ ಶಾರ್ಟ್ ಹೇರ್ ಹುಡುಗಿ ನಂದು. ಬೇರೆ ಯಾರಾದ್ರೂ ಬಾಯಿ ಬಿಟ್ರೆ ನೋಡು!" ಅನ್ನುತ್ತಿದ್ದಳು.

"ಯಾರೇ ಬಿಡ್ತಾರೆ, ನೀನೇ ಇಟ್ಕೋ," ಅಂದಿದ್ದೆ ನಾನು. "ನಾನು ಅವಳಮ್ಮ ಆಗ್ತೀನಿ. ದಿನಾ ಸಂಜೆ ನಿಂಗೆ ಚೆನ್ನಾಗಿ ಉಗೀತೀನಿ."

"ಪ್ರಾಮಿಸ್?"

"ಗಿರಣಿ ಮೇಲಾಣೆ."

ಮೊದಲ ದಿನ ಗೋದಾಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆ ಬೆಳಗಿತು. ಧಾರಾವಾಹಿ ಅಂದರೆ ಮೊದಲು ಒಂದು ಬಂಗಲೆ, ಬಂಗಲೆಯೊಳಗೊಂದು ಮೆಟ್ಟಿಲು, ಮೆಟ್ಟಿಲ ಮೇಲೆ ಒಡವೆ ಹೇರಿಕೊಂಡು ಇಳಿದು ಬರುವ ಒಬ್ಬಳು, ಹೀಗೇ ಅಲ್ಲವೇ ನಾವು ನೋಡಿಕೊಂಡು ಬಂದಿರುವುದು? ಬಂದದ್ದು ಬರೀ ಧೂಳು. ಧೂಳಿನಲ್ಲಿ ಒಂದು ಬಸ್ಸು ಹೊರಟಿದೆ. ಅದರ ಹಿಂದೆ ಒಬ್ಬ ಹುಡುಗಿ ಓಡುತ್ತಿದ್ದಾಳೆ. ಹುಡುಗರ ಹಾಗೆ ಕತ್ತರಿಸಿದ ಕೂದಲು, ಒಂದು ಕೈಯಲ್ಲಿ ಟಿಫಿನ್ ಬಾಕ್ಸು, ಇನ್ನೊಂದರಲ್ಲಿ ಉಂಗುಟ ಕಿತ್ತ ಚಪ್ಪಲಿ. ಹಣೆಯ ಮೇಲೆ ಬೆವರು. ಟೀವಿಯಲ್ಲಿ ನಾನು ಬೆವರು ನೋಡಿದ್ದು ಅವತ್ತೇ ಮೊದಲು. ಓಡುತ್ತ ಓಡುತ್ತ ಅವಳು ನಗುತ್ತಿದ್ದಳು. ಬಸ್ಸು ತಪ್ಪಿಹೋಗುತ್ತದೆ ಅಂತ ಗೊತ್ತಿದ್ದೂ ನಗುತ್ತಿದ್ದಳು. ನನಗೆ ನಾನು ಎಲ್ಲಿ ಕೂತಿದ್ದೇನೆ ಅನ್ನುವುದೇ ಮರೆತುಹೋಯಿತು. ನನ್ನ ಕಾಲು ಬೆಂಚಿನ ಕೆಳಗೆ ತಾನಾಗಿಯೇ ಅಲ್ಲಾಡುತ್ತಿತ್ತು. ಬಸ್ಸು ವೇಗ ಹಿಡಿಯಿತು. ಹುಡುಗಿ ಬಾಯಿ ತೆರೆದಳು.

"ಏಯ್, ನಿಲ್ಸ್ರೋ! ನಾನಿನ್ನೂ ಹತ್ತಿಲ್ಲ!"

ಗೋದಾಮಿನ ತಗಡು ಅದುರಿತು. ಇಷ್ಟು ದೊಡ್ಡ ದನಿ ಯಾರದಪ್ಪಾ ಅಂತ ನಾನೂ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಬೆಂಚಿನ ಆ ತುದಿಯಲ್ಲಿ ಮೇದಿನಿ ಬಾಯಿ ಅರ್ಧ ತೆರೆದುಕೊಂಡು ಕೂತಿದ್ದಳು. ಅವಳ ಮಾತು ಇನ್ನೂ ಒಳಗೇ ಇತ್ತು. ಅಷ್ಟರಲ್ಲಿ ಪರದೆಯ ಮೇಲೆ ಹುಡುಗಿಯ ಅಮ್ಮ ಮರೆತುಹೋದ ನೋಟ್‌ಬುಕ್ಕು ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೂ ಓಡಿಬಂದು ಏನೋ ಕೂಗಲು ಬಾಯಿ ಬಿಟ್ಟಳು. ಸರಿಯಾಗಿ ಅದೇ ಹೊತ್ತಿಗೆ ಮೇದಿನಿ ನನ್ನ ಕಡೆ ತಿರುಗಿ ಗುಡುಗಿದಳು: "ನಾಚ್ಕೆ ಆಗಲ್ವೇನೇ ನಿಂಗೆ? ಮಾತು ಕೊಟ್ಟು ಹಿಂಗಾ ಮಾಡೋದು!"

ರುದ್ರಾರಾಧ್ಯರು ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡರು. "ದನಿ ಬಿತ್ತು," ಅಂದರು. "ಮಗಳ ದನಿ ತಿಮ್ಮಾಜಮ್ಮನೋರ್ದು. ಅಮ್ಮನ ದನಿ ಮೇದಿನೀದು."

"ಸಾರ್, ನಾನು ಅತ್ತೆಗೆ ಬೈದಿದ್ದು ಸಾರ್!"

"ಬಾಯಿ ತೆರೆದಿತ್ತಲ್ಲಮ್ಮ ಆಯಮ್ಮಂದು. ಬಿದ್ದದ್ದು ಬಿತ್ತು. ಏನೂ ಗಾಬರಿಯಿಲ್ಲ, ಸರಿಹೋಗುತ್ತೆ."

ಅವತ್ತು ಬಿದ್ದದ್ದು ನಮ್ಮಿಬ್ಬರ ದನಿ ಮಾತ್ರವಲ್ಲ. ಕೊನೆಗೂ ನಿಂತ ಬಸ್ಸಿನ ಬಾಗಿಲಿನಿಂದ ಒಬ್ಬ ಸುಂದರ ಹುಡುಗ ಕೈ ಚಾಚಿ ಹುಡುಗಿಯನ್ನು ಒಳಕ್ಕೆ ಕರೆಯುವಾಗ, ಇಡೀ ದಿನ ಕಂಬ ಹತ್ತಿ ಇಳಿದು ಸುಸ್ತಾಗಿ ಬಂದಿದ್ದ ಲೈನ್‌ಮನ್ ಜವರಪ್ಪ ದೊಡ್ಡದಾಗಿ ಆಕಳಿಸಿಬಿಟ್ಟ. ನಲವತ್ತಾರು ವರ್ಷದ ಗೃಹಸ್ಥ, ಎರಡು ಮಕ್ಕಳ ತಂದೆ. ಆ ಪಾತ್ರ ಅವನ ಕೊರಳಿಗೆ ಬಿತ್ತು.

ಹುಡುಗಿಗೆ ಹೆಸರಿಡುವ ಹಕ್ಕು ದನಿ ಹಿಡಿದವರದು. ಕಂಡಕ್ಟರು ಪಾಸು ನೋಡಿ ಏನೋ ಕೇಳಿದ, ಹುಡುಗಿ ಉತ್ತರ ಕೊಟ್ಟಳು, ನನ್ನ ಬಾಯಿಗೆ ಬಂದದ್ದು "ಪಂಕಜಾ". ಕಾಲೇಜು ಹುಡುಗಿಯರ ಸಾಲಿನಿಂದ "ಅಯ್ಯೋ, ನಮ್ಮಜ್ಜಿ ಹೆಸರು!" ಅಂತ ಒಂದು ನರಳಾಟ ಕೇಳಿಸಿತು. ತಿಂಗಳು ಕಳೆಯುವಷ್ಟರಲ್ಲಿ ಅದೇ ಹುಡುಗಿಯರು ಒಬ್ಬರನ್ನೊಬ್ಬರು "ಪಂಕಿ" ಅಂತ ಕರೆದುಕೊಳ್ಳುತ್ತಿದ್ದರು ಅನ್ನುವುದು ಬೇರೆ ಮಾತು.

ಆದರೆ ಮೊದಲ ವಾರ ನನ್ನ ಪಾಡು ಕೇಳಬೇಡಿ. ಗಂಟಲೇನೋ ನನ್ನದು ಎತ್ತ ಬೇಕಾದರೂ ತಿರುಗುತ್ತದೆ, ಸಣ್ಣದೂ ಮಾಡಬಲ್ಲೆ. ತೊಂದರೆ ಮಾತಿನದು. ಮೂರನೇ ದಿನ ಪಂಕಜಾ ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿಕೊಂಡು ಗೆಳತಿಯ ಹತ್ತಿರ ಏನೋ ಹೇಳುತ್ತಿದ್ದಳು. ಮೊಣಕಾಲು ಕಂಡ ತಕ್ಷಣ ನಾನು "ಏನ್ ಹೇಳ್ಲಿ ತಾಯಿ, ಈ ಮಂಡಿನೋವು ನನ್ನ ಪ್ರಾಣ ತಿಂತೈತೆ" ಅಂದುಬಿಟ್ಟೆ. ಗೋದಾಮು ಬಿದ್ದು ಬಿದ್ದು ನಕ್ಕಿತು. ಮಾರನೆಯ ದಿನ ಬೆಳಗ್ಗೆ ಗಿರಣಿಯ ಬಾಗಿಲಿಗೆ ಯಾರೋ ಮುಲಾಮಿನ ಟ್ಯೂಬು ಕಟ್ಟಿ ಹೋಗಿದ್ದರು. ಜವರಪ್ಪನದು ಇನ್ನೂ ಕಷ್ಟ. ಹುಡುಗ ಬಸ್ಸಿನಲ್ಲಿ ಮೊದಲ ಸಲ ಪಂಕಜಾಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಮಾತಾಡಿದಾಗ ಪಾಪ ಇವನು ಬೆಂಚಿನ ಮೇಲೆ ಬೆವರಿ, ನನ್ನ ಮುಖ ನೋಡಿ, "ನಿಮ್ಮ ಕಣ್ಣು ಭಾಳ ಚೆನ್ನಾಗೈತೆ ಅಕ್ಕ" ಅಂದ.

"ಅಕ್ಕ ಅಂತ ಲವ್ ಮಾಡ್ತಾನಲ್ಲಪ್ಪೋ!" ಅಂತ ಯಾರೋ ಹಿಂದಿನಿಂದ ಕೂಗಿದರು.

ನಾನು ಬಿಡಲಿಲ್ಲ. "ಥ್ಯಾಂಕ್ಸ್ ಕಣಪ್ಪ," ಅಂದೆ. ಪರದೆಯ ಮೇಲೆ ಪಂಕಜಾ ನಕ್ಕಳು, ಹೊಂದಿಕೊಂಡಿತು.

ಬೇರೆಯವರಾಗಿದ್ದರೆ ನಾಚಿಕೊಂಡು ಬೆಂಚು ಬಿಟ್ಟು ಹೋಗುತ್ತಿದ್ದರೇನೋ. ನನಗೆ ಹಾಗನ್ನಿಸಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನಾನು ಆ ಧಾರಾವಾಹಿಗೆ ಮನಸ್ಸು ಕೊಟ್ಟಾಗಿತ್ತು. ಸಂಜೆ ಆರೂವರೆ ಆಗುವುದನ್ನೇ ಕಾಯುತ್ತ ಗಿರಣಿಯ ಕಲ್ಲು ತಿರುಗಿಸುತ್ತಿದ್ದೆ. ಆ ಕತೆಯಲ್ಲಿ ಯಾರೂ ಯಾರಿಗೂ ವಿಷ ಹಾಕುತ್ತಿರಲಿಲ್ಲ. ನಾಲ್ಕು ಜನ ಒಂದು ಬನ್ನನ್ನು ಹರಿದು ತಿನ್ನುತ್ತಿದ್ದರು, ದೊಡ್ಡ ತುಂಡು ಯಾರಿಗೆ ಅಂತ ಅರ್ಧ ಕಂತು ಜಗಳವಾಡುತ್ತಿದ್ದರು. ಪಂಕಜಾ ಸೀಬೆಕಾಯಿಗೆ ಖಾರದಪುಡಿ ಅದ್ದಿ ತಿಂದು ಬೆರಳನ್ನು ಸೀಟಿಗೆ ಒರೆಸುತ್ತಿದ್ದಳು. ಒಂದು ದಿನ ಅವಳು ಇಳಿಯುವ ಸ್ಟಾಪು ಬಂದರೂ ಇಳಿಯದೆ, ಬಸ್ಸು ಎಲ್ಲಿಗೆ ಹೋಗುತ್ತದೋ ನೋಡೋಣ ಅಂತ ಕೊನೆಯ ಸ್ಟಾಪಿನವರೆಗೂ ಹೋದಳು. ಕೊನೆಯ ಸ್ಟಾಪಿನಲ್ಲಿ ಏನಿತ್ತು? ಒಂದು ಹುಣಸೆಮರ, ಒಂದು ಕೊಳಾಯಿ. ನೀರು ಕುಡಿದು ಅದೇ ಬಸ್ಸಿನಲ್ಲಿ ವಾಪಸು ಬಂದಳು. ಅವತ್ತು ಇಡೀ ಕಂತಿನಲ್ಲಿ ಮಾತೇ ಇರಲಿಲ್ಲ. ನಾನು ಬೆಂಚಿನ ಮೇಲೆ ಸುಮ್ಮನೆ ಕೂತು ಅವಳ ಜೊತೆ ಹೋಗಿ ಬಂದೆ. ಹದಿನಾರರಲ್ಲಿ ನಾನು ಯಾವ ಬಸ್ಸಿನಲ್ಲೂ ಸುಮ್ಮನೆ ಹೋದವಳಲ್ಲ.

ಮಾತು ಬರುವುದಿಲ್ಲವೇ, ಕಲಿತರಾಯಿತು. ಓದಿನಿಂದ ಕಲಿತದ್ದು ನನಗೆ ಕಡಿಮೆ, ಕಿವಿಯಿಂದ ಕಲಿತದ್ದೇ ಎಲ್ಲ. ಗೋಧಿ ಡಬ್ಬ ಹೊತ್ತು ತಂದ ಕಾಲೇಜು ಹುಡುಗಿಯರನ್ನು ಕೂರಿಸಿಕೊಂಡೆ. "ನಿಮ್ಮ ಫ್ರೆಂಡು ಮೋಸ ಮಾಡಿದ್ರೆ ಏನಂತ ಬೈತೀರೇ?" ಅಂತ ಕೇಳಿದೆ.

"ಬೈಯಲ್ಲ ಆಂಟಿ. ಬ್ಲಾಕ್ ಮಾಡ್ತೀವಿ."

"ಅಂದ್ರೆ?"

"ಮಾತು ಬಂದ್. ಬೈಯೋಷ್ಟು ಸೀನ್ ಇಲ್ಲ ಅಂತ ತೋರಿಸ್ಬೇಕು."

"ಅಮ್ಮ ಯಾಕೆ ಸಪ್ಪಗಿದೀಯ ಅಂತ ಕೇಳಿದ್ರೆ?"

"ಏನಿಲ್ಲ ಅಂತೀವಿ."

"ಏನಾದ್ರೂ ಇದ್ರೆ?"

"ಆಗ್ಲೂ ಏನಿಲ್ಲ ಅಂತೀವಿ ಆಂಟಿ. ಆದ್ರೆ ಬೇರೆ ಥರ."

ಆ "ಏನಿಲ್ಲ" ಅನ್ನುವುದನ್ನು ಹದಿನಾರರ ಹುಡುಗಿಯರು ಹನ್ನೊಂದು ಥರ ಹೇಳುತ್ತಾರೆ. ಹನ್ನೊಂದನ್ನೂ ನಾನು ಕಲಿತೆ. ಗಿರಣಿ ಓಡುವಾಗ ಅದರ ಬಾಯಿಗೆ ಮುಖವಿಟ್ಟು ಅಭ್ಯಾಸ ಮಾಡಿದೆ. ಬಾಗಿಲು ಹಾಕಿಕೊಳ್ಳುವ ಏನಿಲ್ಲ, ಬಾಗಿಲು ತಟ್ಟಲಿ ಅಂತ ಕಾಯುವ ಏನಿಲ್ಲ, ಅಳು ನುಂಗಿದ ಏನಿಲ್ಲ, ಯಾರೋ ನಕ್ಕರೆಂದು ಖುಷಿಯಾದ ಏನಿಲ್ಲ. ಇಪ್ಪತ್ತನೇ ಕಂತಿನ ಹೊತ್ತಿಗೆ ಹಿಂದಿನ ಸಾಲಿನ ಹುಡುಗಿಯರು ನಗುವುದನ್ನು ಬಿಟ್ಟರು. ಒಬ್ಬಳು ಬಂದು "ಆಂಟಿ, ನಿನ್ನೆ ಸಕ್ಕತ್" ಅಂದಳು. ನಾನು "ಏನಿಲ್ಲ ಬಿಡೇ" ಅಂದೆ, ಒಂಬತ್ತನೇ ಥರದ್ದು. ಅವಳಿಗೆ ಅರ್ಥವಾಯಿತು.

ಅರ್ಥವಾಗದವಳು ಅಂದರೆ ಮೇದಿನಿ ಒಬ್ಬಳೇ. ಬೆಂಚಿನ ಹೊರಗೆ ನನ್ನ ಜೊತೆ ಮಾತೇ ಬಿಟ್ಟಳು. ಗಿರಣಿಯ ಮುಂದೆ ಹಾದುಹೋಗುವಾಗ ಎದುರುಗಡೆ ಪಾತ್ರೆ ಅಂಗಡಿಯಲ್ಲಿ ಯಾವುದೋ ಅದ್ಭುತ ನಡೆಯುತ್ತಿದೆ ಅನ್ನುವ ಹಾಗೆ ಆ ಕಡೆಗೇ ಮುಖ. ಅವರ ಮನೆಯ ರಾಗಿಯನ್ನು ನನ್ನ ತಮ್ಮನೇ ತರತೊಡಗಿದ, ತಂದು "ಅಕ್ಕ, ನನ್ನ ಮಧ್ಯಕ್ಕೆ ಎಳೀಬೇಡ" ಅನ್ನುತ್ತಿದ್ದ. ಆದರೆ ಬೆಂಚಿನ ಮೇಲೆ! ಅಬ್ಬಬ್ಬ! ಪರದೆಯ ಮೇಲೆ ಅಮ್ಮ ಬಾಯಿ ತೆರೆದರೆ ಸಾಕು, ಈ ಹುಡುಗಿ ನನ್ನನ್ನು ಹುರಿದು ಮುಕ್ಕುತ್ತಿದ್ದಳು.

"ಎಷ್ಟು ಸಲ ಹೇಳ್ಬೇಕೇ ನಿಂಗೆ? ಕಿವಿಗೇನು ಕಡ್ಲೆಹಿಟ್ಟು ಮೆತ್ಕೊಂಡಿದೀಯಾ? ಬೇರೆಯವರ ಮಕ್ಳನ್ನ ನೋಡು! ತಟ್ಟೆ ತೊಳೆಯೋಕೆ ಬರಲ್ಲ, ಲೋಕ ಗೆಲ್ಲೋಕೆ ಹೊರಟಿದಾಳೆ!"

"ಗೆಲ್ತೀನಿ ನೋಡ್ತಿರು," ಅನ್ನುತ್ತಿದ್ದೆ ನಾನು.

"ಎದುರುತ್ತರ ಬೇರೆ! ಬರ್ಲಿ ನಿಮ್ಮಪ್ಪ!"

ಮೂರನೇ ಸಾಲಿನಲ್ಲಿ ಕೂರುತ್ತಿದ್ದ ಅವಳ ತಾಯಿ, ಅಂದರೆ ನನ್ನ ತಮ್ಮನ ಹೆಂಡತಿ ಸಾವಂತ್ರಿ, ಆಗಾಗ ಎದ್ದು ನಿಂತು "ಅದು ನನ್ನ ಮಾತು ಕಣೇ! ಬೆಳಗ್ಗೆ ನಾನಂದಿದ್ದು!" ಅಂತ ಕೂಗುವಳು. ಅಕ್ಕಪಕ್ಕದವರು ಸೆರಗು ಹಿಡಿದು ಕೂರಿಸುವರು. ಊರಿನ ತಾಯಂದಿರೆಲ್ಲ ಮೊದಮೊದಲು ನಗುತ್ತಿದ್ದವರು, ಆಮೇಲಾಮೇಲೆ ತಮ್ಮ ತಮ್ಮ ಮಕ್ಕಳ ಮುಖವನ್ನು ಓರೆಗಣ್ಣಿನಲ್ಲಿ ನೋಡತೊಡಗಿದರು. ಹಳೆಯ ಧಾರಾವಾಹಿಗಳನ್ನು ನೋಡಲು ಬರುತ್ತಿದ್ದದ್ದಕ್ಕಿಂತ ಎರಡು ಪಟ್ಟು ಜನ. ಚಾಪೆ ಹಾಸಲು ಮಧ್ಯಾಹ್ನವೇ ಬಂದು ಜಾಗ ಹಿಡಿಯತೊಡಗಿದರು.

ಹೀಗಿರುವಾಗ ನಲವತ್ತನೆಯ ಕಂತಿನ ಹೊತ್ತಿಗೆ ಸಾವಂತ್ರಿ ಗಿರಣಿಗೆ ಬಂದಳು. ಕೈಯಲ್ಲಿ ಡಬ್ಬವಿರಲಿಲ್ಲ. ಡಬ್ಬವಿಲ್ಲದೆ ಗಿರಣಿಗೆ ಬಂದವರು ಮಾತಿಗೇ ಬಂದವರು. ನಾನು ಬೆಲ್ಟು ಬಿಚ್ಚಿ ಸದ್ದು ನಿಲ್ಲಿಸಿದೆ.

"ಅತ್ತಿಗೆ," ಅಂದಳು, "ನೀವು ಚೆನ್ನಾಗೇ ಮಾಡ್ತೀರಿ, ಇಲ್ಲ ಅನ್ನಲ್ಲ. ಆದ್ರೆ ಮಗು ಎರಡು ತಿಂಗಳು ಆಸೆಪಟ್ಟಿತ್ತು. ನೀವೇ ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ ಕಣೇ. ಬಾಯಿ ಜಾರ್ತು."

"ಜಾರಿದ್ದು ಎತ್ಕೋಬೋದಲ್ಲ. ದನಿ ಬಿಡೋ ಕಟ್ಟಳೆ ಇದೆಯಂತೆ, ಮೇಷ್ಟ್ರು ಹೇಳಿದ್ರು."

ಇತ್ತು. ಹಿಡಿದವರು ಬೇಕೆಂದೇ ಬಾಯಿ ಮುಚ್ಚಿಕೊಂಡು, ಅದೇ ಸಾಲನ್ನು ಇನ್ನೊಬ್ಬರು ಆಡಿದರೆ ದನಿ ಅವರ ಪಾಲಾಗುತ್ತದೆ. ನನ್ನ ಕಾಲದಲ್ಲಿ ಹಾಗೆ ಬಿಟ್ಟವರು ಒಬ್ಬರೇ. ಹಲ್ಲು ಬಿದ್ದದ್ದಕ್ಕೆ.

"ಅವಳು ಕೇಳು ಅಂದ್ಲಾ?" ಅಂತ ಕೇಳಿದೆ.

"ಅವಳು ಏನ್ ಕೇಳಿದ್ರೂ ಏನಿಲ್ಲ ಅಂತಾಳೆ. ನನ್ ಜೊತೇನೂ ಮಾತಿಲ್ಲ. ಹೋದ ವಾರ ಫಿಸಿಕ್ಸ್ ಟೆಸ್ಟಲ್ಲಿ ಮೂವತ್ತಕ್ಕೆ ಏಳು ತಗೊಂಡ್ ಬಂದವ್ಳೆ. ನಾನೂ ನಾಲ್ಕು ಮಾತು ಅಂದೆ, ಅನ್ನದೆ ಇರ್ತೀನಾ? ಅವತ್ತಿಂದ ರೂಮಿನ ಬಾಗ್ಲು ತೆಗೆಯೋದು ಈ ಧಾರಾವಾಹಿಗೆ ಮಾತ್ರ. ಇದಾದ್ರೂ ಅವಳಿಷ್ಟದಂಗೆ ಆದ್ರೆ ಸ್ವಲ್ಪ ಗೆಲುವಾಗ್ತಾಳೇನೋ ಅಂತ."

ಅವಳು ಹೋದ ಮೇಲೆ ನಾನು ಬೆಲ್ಟು ಹಾಕಲಿಲ್ಲ. ನಿಮಗೆ ಸುಳ್ಳು ಹೇಳುವುದಿಲ್ಲ, ಪಂಕಜಾಳನ್ನು ಬಿಡುವುದು ನನಗೆ ಸ್ವಲ್ಪವೂ ಇಷ್ಟವಿರಲಿಲ್ಲ. ನನ್ನಷ್ಟು ಚೆನ್ನಾಗಿ ಅವಳಿಗೆ ದನಿ ಕೊಡುವವರು ಊರಲ್ಲಿ ಇನ್ನೊಬ್ಬರಿಲ್ಲ ಅನ್ನುವುದರಲ್ಲಿ ನನಗೆ ಅನುಮಾನವೂ ಇರಲಿಲ್ಲ. ವಯಸ್ಸಿನ ಮಾತು ಬಿಡಿ. ಹದಿನಾರು ಅನ್ನುವುದೇನು ಯಾರಪ್ಪನ ಸ್ವತ್ತೇ? ಕೆಲವರಿಗೆ ಹದಿನಾರಕ್ಕೇ ಬರುತ್ತದೆ, ಕೆಲವರಿಗೆ ಐವತ್ತನಾಲ್ಕಕ್ಕೆ. ಆದರೆ ಕೊಟ್ಟ ಮಾತು ಕೊಟ್ಟದ್ದೇ. ಆ ಮಗುವಿನ ಬಾಯಿಗೆ ಬಂದ ತುತ್ತನ್ನು ನಾನು ತಿಂದದ್ದು ನಿಜ, ಬೇಕೆಂದು ತಿನ್ನಲಿಲ್ಲ ಅನ್ನುವುದರಿಂದ ಅದರ ಹೊಟ್ಟೆ ತುಂಬುವುದಿಲ್ಲ. ಸಂಜೆ ರುದ್ರಾರಾಧ್ಯರಿಗೆ ಹೇಳಿದೆ, "ಗುರುವಾರ ಬಿಡ್ತೀನಿ ಮೇಷ್ಟ್ರೇ."

"ಯೋಚನೆ ಮಾಡಿ ಹೇಳ್ತಿದೀರಾ?"

"ಯೋಚನೆ ಮಾಡಿದ್ರೆ ಬಿಡ್ತಿರ್ಲಿಲ್ಲ."

ಬುಧವಾರದ ಕಂತಿಗೆ ಹೊಸ ಸೀರೆ ಉಟ್ಟುಕೊಂಡು ಹೋದೆ. ಪಂಕಜಾಳದು ಅವತ್ತು ಸಣ್ಣ ಮಾತು, ಬಸ್ಸಿನಲ್ಲಿ ಗೆಳತಿಗೆ ಕಿಟಕಿ ಸೀಟು ಬಿಟ್ಟುಕೊಡುವುದು ಅಷ್ಟೇ. "ಕೂತ್ಕೋ, ಗಾಳಿ ಬರುತ್ತೆ" ಅಂದೆ. ಅದಕ್ಕೂ ಹಿಂದಿನ ಸಾಲಿನ ಹುಡುಗಿಯರು ಚಪ್ಪಾಳೆ ತಟ್ಟಿದರು, ಸುದ್ದಿ ಅವರಿಗೆ ಮುಟ್ಟಿತ್ತು. ಜವರಪ್ಪ ಬೀಳ್ಕೊಡಲು ಬಂದವನ ಹಾಗೆ ಎರಡು ಕೈ ಮುಗಿದು "ನಾಳೆಯಿಂದ ನಾನು ಮೇದಿನಿ ಪುಟ್ಟೀನ ಲವ್ ಮಾಡ್ಬೇಕಲ್ಲ ಅಕ್ಕ, ನನ್ ಹೆಂಡ್ತಿ ಬೆಂಚ್ ಮುರೀತಾಳೆ" ಅಂದ. ಅವನ ಕಷ್ಟ ಅವನಿಗೆ.

ಗುರುವಾರ ಗೋದಾಮಿನಲ್ಲಿ ಉಸಿರಾಡಲು ಜಾಗವಿರಲಿಲ್ಲ. ಮೇದಿನಿ ಬೆಂಚಿನ ತನ್ನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದಳು. ನನ್ನ ಕಡೆ ನೋಡಲಿಲ್ಲ. ಅವತ್ತಿನದು ರಿಸಲ್ಟಿನ ಕಂತು. ಪಂಕಜಾ ಬಸ್ಸಿನಿಂದ ಇಳಿದಳು. ಉಳಿದವರು ಕಿಟಕಿಯಿಂದ ಕೈ ಬೀಸಿದರೂ ಇವಳು ತಿರುಗಲಿಲ್ಲ. ಬೀದಿಯುದ್ದಕ್ಕೂ ಒಂದು ಡಬ್ಬಿಯನ್ನು ಒದೆಯುತ್ತ ಒದೆಯುತ್ತ ಬಂದು, ಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಅಮ್ಮ ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಾಳೆ. ಪಂಕಜಾ ಬ್ಯಾಗಿನಿಂದ ಮಾರ್ಕ್ಸ್ ಕಾರ್ಡು ತೆಗೆದು ಮುಂದೆ ಹಿಡಿದಳು. ಕೆಂಪು ಗೆರೆಗಳು ಗೋದಾಮಿನ ಕೊನೆಯ ಸಾಲಿಗೂ ಕಂಡವು. ಅವಳ ತುಟಿ ನಡುಗಿತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ತುಟಿ ತೆರೆಯಿತು.

ಮೇದಿನಿ ಉಸಿರೆಳೆದುಕೊಂಡದ್ದು ಕೇಳಿಸಿತು. ಮರುಕ್ಷಣ ಅವಳ ದನಿ ಬಂತು: "ಏನೇ ಇದು? ಮಾರ್ಕ್ಸ್ ಕಾರ್ಡೋ, ಕೆಂಪು ಇಂಕಿನ ರಂಗೋಲಿಯೋ?"

ಪರದೆಯ ಮೇಲೆ ಅಳು ಮುಖದ ಮಗಳು, ಅಕ್ಕಿ ಆರಿಸುತ್ತಿದ್ದ ತಾಯಿಗೆ ಹೀಗಂದುಬಿಟ್ಟಳು! ಆ ತಾಯಿ ಕಕ್ಕಾಬಿಕ್ಕಿಯಾಗಿ ತಲೆಯೆತ್ತಿದ್ದು ನೋಡಿದರೆ ನಿಜವಾಗಿಯೂ ಅವಳೇ ಫೇಲಾದಂತಿತ್ತು. ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ, ಆಮೇಲೆ ಗೋದಾಮು ಒಡೆದುಹೋಗುವ ಹಾಗೆ ನಗು. ನಲವತ್ತು ಸಂಜೆ ಬೈದು ಬೈದು ಹುಡುಗಿಯ ನಾಲಿಗೆ ಬೈಗುಳಕ್ಕೇ ಒಗ್ಗಿಹೋಗಿತ್ತು. ಎರಡು ತಿಂಗಳು ಕನ್ನಡಿಯ ಮುಂದೆ ಕಲಿತದ್ದೆಲ್ಲ ಎಲ್ಲಿ ಹೋಯಿತೋ! ಮೇದಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ರುದ್ರಾರಾಧ್ಯರು ಕಣ್ಣೀರು ಒರೆಸಿಕೊಳ್ಳುತ್ತ ಎದ್ದರು. ನಕ್ಕು ಬಂದ ನೀರದು. "ಮಾತು ಹೆಂಗಾದ್ರೂ ಇರ್ಲಿ, ದನಿ ಬಿತ್ತು," ಅಂದರು. "ಪಂಕಜಾ ಇನ್ನು ಮೇದಿನೀದು. ಅಮ್ಮನ ದನಿ ಯಾರ್ದು ಅಂತ ಆಮೇಲೆ ನೋಡೋಣ." ಅಷ್ಟರಲ್ಲಿ ಜಾಹೀರಾತು ಬಂತು.

ನಾನು ಸೆರಗನ್ನು ಬಾಯಿಂದ ತೆಗೆದೆ. ಎದ್ದು ಜನರ ನಡುವೆ ಹೋಗಿ ಕೂರೋಣ ಅಂತ ಒಂದು ಕಾಲು ಊರಿದ್ದೆ. ಬೆಂಚು ಕಿರ್ ಅಂದಿತು. ಮೇದಿನಿ ಆ ತುದಿಯಿಂದ ಜರುಗಿ ಜರುಗಿ ನನ್ನ ಪಕ್ಕಕ್ಕೆ ಬಂದು ಕೂತಿದ್ದಳು.

"ಅತ್ತೆ," ಅಂದಳು. ಬೆಂಚಿನ ಮಾತಲ್ಲ ಅದು, ಅವಳದೇ.

"ಹೂಂ."

"ನೀನೇ ಇಟ್ಕೋ."

"ಬಿಟ್ಟಾಯ್ತಲ್ಲೇ."

"ಬ್ರೇಕ್ ಮುಗಿದ ತಕ್ಷಣ ಅವಳು ಮತ್ತೆ ಬಾಯಿ ತೆಗೀತಾಳೆ. ನಾನು ಸುಮ್ನಿರ್ತೀನಿ, ನೀನು ಬಿಡು. ಕಟ್ಟಳೆ ಪ್ರಕಾರಾನೇ ಆಯ್ತು."

"ಯಾಕೇ? ಇಷ್ಟೆಲ್ಲ ಆಸೆಪಟ್ಟು?"

ಅವಳು ಉಗುರು ಕಚ್ಚಿದಳು. "ಹದಿನಾರು ನಂಗೆ ಮನೇಲೇ ಇದೆ ಅತ್ತೆ, ಇಪ್ಪತ್ನಾಲ್ಕು ಗಂಟೆ. ಇಲ್ಲೂ ಅದೇ ಆದ್ರೆ ಬೋರು. ಅರ್ಧ ಗಂಟೆ ಅಮ್ಮನ ಕಡೆ ಕೂರ್ತೀನಿ." ಇನ್ನೊಂದು ಮಾತು ಸೇರಿಸಿದಳು, "ಮತ್ತೆ... ಪಂಕಿ ನಿನ್ ಹತ್ರಾನೇ ಚೆನ್ನಾಗಿರ್ತಾಳೆ. ಮಂಡಿನೋವು ಒಂದು ಬಿಟ್ರೆ."

ಬೇಡ ಕಣೇ, ನೀನೇ ಮಾಡು ಅಂತ ನಾನು ದೊಡ್ಡತನದ ನಾಟಕ ಆಡಲಿಲ್ಲ. ನಂಗೆ ಬೇಕಿತ್ತು, ತಗೊಂಡೆ. "ಸರಿ, ಆಚೆ ಸರಿ, ಉಸಿರು ತಗೋಬೇಕು," ಅಂದೆ.

ಜಾಹೀರಾತು ಮುಗಿಯಿತು. ಅದೇ ಬಾಗಿಲು, ಅದೇ ಮೊರ, ಅದೇ ಕಾರ್ಡು. ಪಂಕಜಾ ಮತ್ತೆ ಬಾಯಿ ತೆರೆದಳು. ಮೇದಿನಿ ತುಟಿಗಳನ್ನು ಒಳಗೆ ಮಡಚಿಕೊಂಡು ಕಚ್ಚಿ ಹಿಡಿದಳು.

"ಅಮ್ಮ, ಫೇಲಾಗಿದೀನಿ," ಅಂದೆ ನಾನು. ಪಂಕಜಾಳ ತುಟಿ ಇನ್ನೂ ಅಲ್ಲಾಡುತ್ತಿತ್ತು. ಬಸ್ಸಿಳಿದು, ಡಬ್ಬಿ ಒದೆಯುತ್ತ ಅಷ್ಟು ದೂರ ನಡೆದು ಬಂದ ಹುಡುಗಿ ಇನ್ನೇನು ಹೇಳುತ್ತಾಳೆ? "ಹೊಟ್ಟೆ ಹಸೀತಿದೆ."

ಪರದೆಯ ಮೇಲೆ ತಾಯಿ ಮೊರವನ್ನು ಪಕ್ಕಕ್ಕಿಟ್ಟು ನಿಧಾನವಾಗಿ ಎದ್ದು ನಿಂತಳು. ಸೊಂಟದ ಮೇಲೆ ಕೈಯಿಟ್ಟಳು. ಊರಿಗೂರೇ ಸೆಟೆದು ಕೂತಿತು. ಈಗ ಬಂತು ನೋಡು ಸಿಡಿಲು ಅಂತ ಚಿಕ್ಕ ಮಕ್ಕಳು ಕಿವಿ ಮುಚ್ಚಿಕೊಂಡವು. ಮೂರನೇ ಸಾಲಿನಲ್ಲಿ ಸಾವಂತ್ರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಮೇದಿನಿ ಪರದೆಯನ್ನೇ ನೋಡುತ್ತಿದ್ದಳು, ರೆಪ್ಪೆ ಹೊಡೆಯಲಿಲ್ಲ. ಕಲ್ಲುಸೇತುವೆಯ ಆಚೆಯ ಊರುಗಳಲ್ಲಿ ಆ ತಾಯಿ ಅವತ್ತು ಏನಂದಳೋ ನಮಗೆ ಗೊತ್ತಿಲ್ಲ, ನಾವು ಕೇಳಲೂ ಹೋಗಿಲ್ಲ. ನಮ್ಮೂರಿನಲ್ಲಿ ಅವಳು ಬಾಯಿ ತೆರೆದು, ಸ್ವಲ್ಪವೂ ದನಿಯೆತ್ತದೆ, ಹೀಗಂದಳು:

"ಕೈಕಾಲು ತೊಳ್ಕೊಂಡು ಬಾ. ಬಡಿಸ್ತೀನಿ."